ಹಾಲು ಕೇಳಿದರೆ ಹುಲಿ ಬಂತು

ನಾನು ಯಾರ ಮನೆ ಸುದ್ದಿಗೂ ಹೋಗುವವಳಲ್ಲ. ಸುದ್ದಿಗಳೇ ಲಿಫ್ಟು ಹತ್ತಿ ಹನ್ನೊಂದನೇ ಮಾಳಿಗೆಗೆ ಬಂದು ನಮ್ಮ ಬಾಗಿಲ ಮುಂದೆ ನಿಲ್ಲುತ್ತವೆ. ಬಂದದ್ದನ್ನು ಒಳಗೆ ಕರೆಯದಿದ್ದರೆ ಚೆಂದವಾ? ಕರೆಯುತ್ತೇನೆ, ಕೂರಿಸುತ್ತೇನೆ, ನಾಲ್ಕು ಜನರಿಗೆ ಪರಿಚಯ ಮಾಡಿಸುತ್ತೇನೆ. ಅಷ್ಟೆ ನನ್ನ ತಪ್ಪು.

ಓದಿದ್ದು ನಾಲ್ಕನೇ ಕ್ಲಾಸು, ಉಡುಪಿಯ ಹತ್ತಿರ. ನಮ್ಮ ಯಜಮಾನರು ಬ್ಯಾಂಕಿನವರು. ವರ್ಗವಾಗಿ ಕಲ್ಕತ್ತೆಗೆ ಬಂದವರು ಇಲ್ಲೇ ರಿಟೈರೂ ಆದರು. ಮೊದಲು ಸದರ್ನ್ ಅವೆನ್ಯೂ ಹಿಂದಿನ ಬಾಡಿಗೆ ಮನೆ. ಅಲ್ಲಿ ಕಿಟಕಿಗೆ ಕಿಟಕಿ ತಾಗುತ್ತಿತ್ತು. ಯಾರ ಮನೆಯ ಮೀನು ಸೀದಿತು, ಯಾರ ಮನೆಯ ಸೊಸೆ ಅತ್ತಳು, ಕೂತಲ್ಲಿಗೇ ಗೊತ್ತಾಗುತ್ತಿತ್ತು. ಈಗ ನ್ಯೂ ಟೌನಿನ ಫ್ಲ್ಯಾಟು. ಎಲ್ಲ ಬಾಗಿಲೂ ಮುಚ್ಚಿರುತ್ತವೆ. ಒಂದು ವಿಷಯ ತಿಳಿಯಲಿಕ್ಕೆ ಈ ವಯಸ್ಸಿನಲ್ಲಿ ಎಷ್ಟು ಶ್ರಮ ಪಡಬೇಕು ಅಂತ ನಿಮಗೆ ಗೊತ್ತಿಲ್ಲ.

ನಮ್ಮ ಎದುರಿನ ಬಾಗಿಲಿನಲ್ಲಿ ನಮ್ಮ ಭಾಷೆಯವರೇ ಬಂದರು. ಹುಡುಗಿ ಬೆಂಗಳೂರಿನವಳು, ಗಂಡನ ಊರು ಮೈಸೂರು, ಇಬ್ಬರಿಗೂ ಕಂಪ್ಯೂಟರ್ ಕೆಲಸ, ಅವಳದು ಮನೆಯಿಂದಲೇ. ಒಂದು ಹೆಣ್ಣುಮಗು, ಮೂರು ತುಂಬಲಿಕ್ಕೆ ಎರಡು ತಿಂಗಳಿತ್ತು. ಪುಟ್ಟಿ ಅಂತ ಕರೆಯುತ್ತಿದ್ದರು. ಇದೆಲ್ಲ ಆ ಪುಟ್ಟಿಯದೇ ಕತೆ.

ಒಂದು: ಗುಂಡಿ

ಒಂದು ಬೆಳಿಗ್ಗೆ ಕಸದ ಬುಟ್ಟಿ ಹೊರಗಿಡಲಿಕ್ಕೆ ಹೋದೆ. ಎದುರು ಮನೆಯ ಬಾಗಿಲು ಒಂದು ಬೆರಳಿನಷ್ಟು ತೆರೆದಿತ್ತು. ಗಂಡ ಆಗಲೇ ಆಫೀಸಿಗೆ ಹೋಗಿ ಆಗಿತ್ತು, ನಾನೇ ಲಿಫ್ಟಿನಲ್ಲಿ ನೋಡಿದ್ದೆ. ಒಳಗಿಂದ ಅವಳ ಸ್ವರ.

"ಈಗ ನಾನು ನಿನ್ನ ಅಂಗಿ ಗುಂಡಿ ಬಿಚ್ತೀನಿ."

ಮೌನ.

"ಒಂದು."

ಮತ್ತೆ ಮೌನ. ಯಾರೋ ಪಿಸುಗುಡುವುದನ್ನು ಕೇಳಿಸಿಕೊಂಡ ಹಾಗೆ ಸ್ವಲ್ಪ ನಕ್ಕಳು.

"ಎರಡು. ಈಗ ಕೈ ಮೇಲೆ. ನನ್ನ ಬಂಗಾರ."

ಕಸದ ಬುಟ್ಟಿ ಕೈಯಲ್ಲೇ ಉಳಿಯಿತು. ಮಗು ನೆನಪಾಗಲಿಲ್ಲವಾ ಅಂತ ನೀವು ಕೇಳಬಹುದು. ಆ ಮನೆಯಿಂದ ಮಗುವಿನ ಸದ್ದೇ ಬರುತ್ತಿರಲಿಲ್ಲ. ಅಲ್ಲೊಂದು ಮಗು ಉಂಟು ಅಂತ ನಮಗೆ ಆಗಾಗ ಮರೆತೇ ಹೋಗುತ್ತಿತ್ತು.

ನಾಲ್ಕು ದಿನ ಅದೇ ಹೊತ್ತಿಗೆ ಕಸ ಹಾಕಿದೆ. ನಾಲ್ಕು ದಿನವೂ ಗುಂಡಿ, ನಾಲ್ಕು ದಿನವೂ ಬಂಗಾರ. ಕೆಳಗಿನ ಪಾರ್ಕಿನ ಬೆಂಚಿನಲ್ಲಿ ಮೂರು ಜನ ಬಂಗಾಳಿ ಹೆಂಗಸರಿಗೆ ಹೇಳಿದೆ. ಅವರು ಬಾಯಿ ಮೇಲೆ ಸೆರಗಿಟ್ಟುಕೊಂಡು ಇನ್ನೊಮ್ಮೆ ಹೇಳಿ ಅಂದರು. ಅದೇ ವಾರದ ಕೊನೆಗೆ ಅವಳ ಅತ್ತೆ ಮೈಸೂರಿನಿಂದ ಬಂದರು. ಅಲ್ಲಿ ತಿಂಡಿ ಆದ ಮೇಲೆ ನಮ್ಮಲ್ಲಿಗೆ ಕಾಫಿಗೆ ಬಂದು, "ಏನ್ರೀ, ನಮ್ಮ ಸೊಸೆ ಹೇಗೆ?" ಅಂತ ಕೇಳಿದರು. ಕೇಳಿದವರಿಗೆ ಇಲ್ಲ ಅನ್ನಲಿಕ್ಕಾಗುತ್ತದಾ? ಕಾಫಿ ಜೊತೆ ಅದನ್ನೂ ಕೊಟ್ಟೆ. ಅವರು ಲೋಟ ಕೆಳಗಿಟ್ಟು ಎದ್ದುಹೋದರು.

ಅವರು ಊರಿಗೆ ಹೋದ ಮರುದಿನ ನೀರುದೋಸೆ ತಟ್ಟೆ ಹಿಡಿದು ಎದುರು ಮನೆಗೆ ಹೋದೆ. ದೋಸೆ ಒಂದು ನೆವ. ಬಾಗಿಲು ತಳ್ಳಿ ನೋಡಿದರೆ, ಹುಡುಗಿ ನೆಲದ ಮೇಲೆ ಮಂಡಿಯೂರಿ ಕೂತಿದ್ದಾಳೆ. ಎದುರಿಗೆ ಸ್ಟೂಲಿನ ಮೇಲೆ ಪುಟ್ಟಿ. "ಒಂದು," ಅಂತ ಗುಂಡಿ ಬಿಚ್ಚಿದಳು. ಆಮೇಲೆ ಮಗುವಿನ ಬಾಯಿಯನ್ನೇ ನೋಡುತ್ತಾ ಕಾದಳು. ಮಗುವೂ ಅಮ್ಮನ ಬಾಯಿಯನ್ನೇ ನೋಡುತ್ತಿತ್ತು. ಅವಳು ಸೋತ ಹಾಗೆ ಸ್ವಲ್ಪ ನಕ್ಕು, "ಎರಡು" ಅಂದಳು.

"ಡಾಕ್ಟರ್ ಹೇಳಿದ್ದಾರೆ ಆಂಟಿ," ಅಂದಳು ನನ್ನನ್ನು ನೋಡಿ. "ಮಾಡೋ ಕೆಲಸ ಎಲ್ಲಾ ಬಾಯಲ್ಲಿ ಹೇಳ್ತಿರಬೇಕಂತೆ. ಹೇಳಿ, ಐದು ಎಣಿಸೋವರೆಗೂ ಕಾಯ್ಬೇಕಂತೆ. ಅವಳು ಉತ್ತರ ಕೊಡೋಕೆ ಜಾಗ ಬಿಡ್ಬೇಕಂತೆ."

ನಾಲ್ಕು ದಿನದಿಂದ ನಾನು ಹುಡುಕುತ್ತಿದ್ದ ಗಂಡಸಿಗೆ ಎರಡು ಜುಟ್ಟು ಇತ್ತು.

ನಾನು ನಕ್ಕೆ. ಅವಳು ನಗಲಿಲ್ಲ. ಅತ್ತೆ ಹೊರಡುವಾಗ ಒಂದು ಮಾತು ಹೇಳಿ ಹೋಗಿದ್ದರಂತೆ. ದುರ್ಗಾ ಪೂಜೆಯವರೆಗೆ ನೋಡುವುದು. ಅಷ್ಟರಲ್ಲಿ ಮಗು ಮಾತಾಡಿದರೆ ಸರಿ, ಇಲ್ಲದಿದ್ದರೆ ಬಂದು ಮೈಸೂರಿಗೆ ಕರೆದುಕೊಂಡು ಹೋಗುವುದು, ಅಲ್ಲೇ ಬೆಳೆಸುವುದು. "ಯಾಕೆ ಇಷ್ಟು ಕೋಪ ಅಂತ ಗೊತ್ತಾಗ್ಲಿಲ್ಲ ಆಂಟಿ. ಬಂದಾಗ ಚೆನ್ನಾಗೇ ಇದ್ರು," ಅಂದಳು. ಗಂಡ ಎಂತ ಹೇಳಿದ ಅಂತ ಕೇಳಿದೆ. "ಸರಿ ಅಮ್ಮ, ಅಂದ್ರು."

ಆ ಮನೆಯಲ್ಲಿ ಮಾತು ಬಾರದವರು ಇಬ್ಬರಿದ್ದರು. ಒಬ್ಬರಿಗೆ ಮೂವತ್ತನಾಲ್ಕು ವರ್ಷ.

ಅತ್ತೆಯ ಕೋಪ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ಜನ್ಮದಲ್ಲಿ ಒಂದೇ ಸಲ ಬಾಯಿ ಮುಚ್ಚಿಕೊಂಡೆ, ಅದೂ ಮುಚ್ಚಬಾರದ ಕಡೆ.

ಎರಡು: ಚೀಟಿ

ಡಾಕ್ಟರು ಹೇಳಿದ ಮೇಲೆ ಗಂಡನಿಗೂ ಹುರುಪು ಬಂತು. ಬಾಯಲ್ಲಿ ಆಗದ್ದನ್ನು ಕಾಗದದಲ್ಲಿ ಮಾಡುವ ಅಂತ, ಆಫೀಸಿನ ಮೆಷೀನಿನಲ್ಲಿ ದಪ್ಪ ಕನ್ನಡ ಅಕ್ಷರದ ಚೀಟಿ ಮಾಡಿಸಿಕೊಂಡು ಬಂದ. ಬಾಗಿಲಿಗೆ ‘ಬಾಗಿಲು’, ಕುರ್ಚಿಗೆ ‘ಕುರ್ಚಿ’, ಫ್ರಿಜ್ಜಿಗೆ ‘ಫ್ರಿಜ್ಜು’. ಕನ್ನಡಿಯ ಮೇಲೆ ಕಣ್ಣು, ಮೂಗು, ಬಾಯಿ, ಕಿವಿ.

ಮಗು ನೋಡಿಕೊಳ್ಳುವ ಕೆಲಸದವಳು ಒಬ್ಬಳಿದ್ದಳು, ಇಲ್ಲಿಯವರ ಹಾಗೆ ಎಲ್ಲರೂ ಮಾಶಿ ಅನ್ನುತ್ತಿದ್ದೆವು. ಕ್ಯಾನಿಂಗಿನ ಆಚೆ, ಸುಂದರಬನದ ಕಡೆಯವಳು; ಬೆಳಗಿನ ಲೋಕಲ್ ಟ್ರೇನು ಹಿಡಿದು, ಮತ್ತೆ ಬಸ್ಸು ಹಿಡಿದು ಬರುತ್ತಿದ್ದಳು. ಅವಳಿಗೆ ಯಾವ ಅಕ್ಷರವೂ ಬಾರದು. ಮಾತು ಬಾರದ ಮಗುವಿಗೆ ಯಾರೋ ಮಂತ್ರಿಸಿ ಕೊಟ್ಟ ಚೀಟಿ ಅಂತ ತಿಳಿದು, ಕಸ ಗುಡಿಸುವಾಗ ಕುರ್ಚಿಗೂ ಫ್ರಿಜ್ಜಿಗೂ ಕೈಮುಗಿಯುತ್ತಿದ್ದಳು.

ಒಂದು ಸಂಜೆ ಅಲ್ಲಿ ಒಂದು ಗಳಿಗೆ ಕೂತು, ಹಾಗೇ ಪೂಜಾ ಕಮಿಟಿಯ ಮೀಟಿಂಗಿಗೆ ಹೋದೆ. ಯಾರ ಚಂದಾ ಬಂತು, ಯಾರು ನೈವೇದ್ಯದ ಖಿಚಡಿ ಮನೆಗೆ ಕಟ್ಟಿಕೊಂಡು ಹೋಗುತ್ತಾರೆ ಅಂತೆಲ್ಲ ಒಂದು ಗಂಟೆ ಭಾಷಣ ಮಾಡಿ ಮನೆಗೆ ಬಂದೆ. ಯಜಮಾನರು ನನ್ನ ಬೆನ್ನಿನಿಂದ ಎಂತದೋ ಕಿತ್ತು ಕನ್ನಡಕ ಹಾಕಿಕೊಂಡು ಓದಿದರು. ಪುಟ್ಟಿ ಯಾವಾಗಲೋ ಅಂಟಿಸಿತ್ತು. ‘ಬಾಯಿ’.

"ನಿನ್ನನ್ನು ಕಟ್ಟಿಕೊಂಡು ಐವತ್ತೆರಡು ವರ್ಷ ಆಯ್ತು," ಅಂದರು. "ಒಂದು ಮಾತೂ ಆಡದೆ ಇಷ್ಟು ಸರಿಯಾಗಿ ಹೇಳಿದವರು ಯಾರೂ ಇಲ್ಲ."

ಮೂರು: ನಾ

ಶಾಲೆಗೆ ಸೇರಿಸಿದರೆ ಬೇರೆ ಮಕ್ಕಳನ್ನು ನೋಡಿ ಮಾತು ಬರುತ್ತದೆ ಅಂತ ಯಾರೋ ಹೇಳಿದರು. ಹತ್ತಿರದ ಒಂದು ಪ್ಲೇಸ್ಕೂಲಿನಲ್ಲಿ ಸಂದರ್ಶನ. ಹೌದು, ಮೂರು ವರ್ಷದ್ದಕ್ಕೂ ಸಂದರ್ಶನ ಉಂಟು. ಗಂಡನಿಗೆ ಎಂದಿನ ಹಾಗೆ ಆಫೀಸಿನ ಕಾಲ್ ಇತ್ತು, ನಾನು ಜೊತೆಗೆ ಹೋದೆ.

ಹಿರಿಯರು ಗಾಜಿನ ಈಚೆ ಕೂರಬೇಕು. ಒಳಗೆ ಆರು ಮಕ್ಕಳು, ಒಬ್ಬಳು ಟೀಚರು, ಒಂದು ಕೆಂಪು ಚೆಂಡು. ನಮಗೆ ಕಾಣುತ್ತದೆ, ಕೇಳುವುದಿಲ್ಲ. ಟೀಚರು ಚೆಂಡು ಹಿಡಿದು ಏನೋ ಕೇಳುತ್ತಾಳೆ, ಪುಟ್ಟಿಯ ಬಾಯಿ ಅಲ್ಲಾಡುತ್ತದೆ, ಟೀಚರು ಚೆನ್ನಾಗಿ ನಕ್ಕು ಚೆಂಡನ್ನು ಪಕ್ಕದ ಮಗುವಿಗೆ ಕೊಡುತ್ತಾಳೆ. ಮೂರು ಸಲ ಹೀಗೇ ಆಯಿತು. "ಆಂಟಿ, ಬಾಯಿ ಆಡಿಸಿದ್ಲು, ನೋಡಿದ್ರಾ?" ಅಂತ ಹುಡುಗಿ ನನ್ನ ಕೈಯನ್ನು ನೋವಾಗುವ ಹಾಗೆ ಹಿಡಿದುಕೊಂಡಳು.

ಟೀಚರು ಹೊರಗೆ ಬಂದು ಹೇಳಿದಳು, "ಯಾರಿಗೆ ಬೇಕು ಅಂತ ಮೂರು ಸಲ ಕೇಳಿದೆ. ಮೂರು ಸಲವೂ ‘ನಾ’ ಅಂದಳು. ಇಲ್ಲಿ ನಾವು ಮಗುವಿನ ಬೇಡ ಎಂಬ ಮಾತಿಗೆ ಗೌರವ ಕೊಡುತ್ತೇವೆ. ಆದರೆ ಅವಳು ಇನ್ನೂ ತಯಾರಿಲ್ಲ."

ಟ್ಯಾಕ್ಸಿ ಹಿಡಿದು ಹೊರಟೆವು. ಸಿಗ್ನಲಿನಲ್ಲಿ ಬಲೂನಿನವನು ಬಂದ. ಹುಡುಗಿ ಅಳು ನುಂಗಿಕೊಂಡು, "ಯಾರಿಗಪ್ಪಾ ಬೇಕು ಬಲೂನು?" ಅಂದಳು. ಪುಟ್ಟಿ ಕಿಟಕಿ ಕಡೆಗೇ ನೋಡುತ್ತಾ, ಉಸಿರಿನಷ್ಟು ಮೆಲ್ಲಗೆ ಹೇಳಿತು.

"ನಾ."

ಹುಡುಗಿ ನನ್ನ ಮುಖ ನೋಡಿದಳು, ನಾನು ಅವಳದು. ಬಂಗಾಳಿಗಳಿಗೆ ‘ನಾ’ ಅಂದರೆ ಬೇಡ. ನಮಗೆ ನಾ ಅಂದರೆ ನಾನು. ಮಗು ಮೂರು ಸಲ ಬಾಯಿಬಿಟ್ಟು ನನಗೆ ಬೇಕು ಅಂದಿತ್ತು, ಮೂರು ಸಲವೂ ಅದಕ್ಕೆ ಗೌರವ ಕೊಟ್ಟು ಕಳಿಸಿದ್ದರು.

ಟ್ಯಾಕ್ಸಿ ತಿರುಗಿಸಿದೆವು. ಟೀಚರು ಎಲ್ಲ ಕೇಳಿ ಪಾಪ ಅಂದಳು, ಚೆಂಡು ತಂದು ಪುಟ್ಟಿಯ ಮುಂದೆ ಹಿಡಿದು ಮತ್ತೆ ಕೇಳಿದಳು. ಈ ಸಲ ಪುಟ್ಟಿ ಬಾಯಿ ಬಿಡಲಿಲ್ಲ. ಇಲ್ಲ ಅಂತ ತಲೆ ಅಲ್ಲಾಡಿಸಿತು.

ಅದು ಮಾತ್ರ ಎಲ್ಲರಿಗೂ ಸರಿಯಾಗಿ ಅರ್ಥವಾಯಿತು.

ನಾಲ್ಕು: ಹುಲಿ

ಮನೆಗೆ ಬಂದವಳೇ ಹುಡುಗಿ ಮಾಶಿಯನ್ನು ಕೂರಿಸಿಕೊಂಡಳು. ಪೂಜೆಗೆ ಇನ್ನೊಂದು ತಿಂಗಳಿತ್ತು. ಹುಡುಗಿಗೆ ಬಂಗಾಳಿ ಅಷ್ಟಕ್ಕಷ್ಟೆ. ನಡುವೆ ನಾನು ಕೂತೆ. ತಾನು ಕೆಲಸದಲ್ಲಿ ಇರುವಾಗ ಇಡೀ ದಿನ ಮಗು ಎಂತ ಹೇಳುತ್ತದೆ, ಒಂದೂ ಬಿಡದೆ ಹೇಳು ಅಂತ ನನ್ನಿಂದ ಕೇಳಿಸಿದಳು.

"ಏನೂ ಇಲ್ಲ ದಿದಿ," ಅಂದಳು ಮಾಶಿ. "ಮಾತು ಎಲ್ಲಿ ಬರುತ್ತದೆ ಪಾಪ. ಹುಲಿಯಾಟ ಆಡುತ್ತಿದ್ದಳು, ಈಗ ಅದನ್ನೂ ಬಿಟ್ಟಿದ್ದಾಳೆ."

"ಎಂತ ಹುಲಿಯಾಟ?"

ಮಾಶಿಗೆ ಖುಷಿಯಾಯಿತು. ಸೆರಗು ಸಿಕ್ಕಿಸಿ, ಎರಡು ಕೈಯ ಉಗುರು ಮುಂದೆ ಮಾಡಿ, ಕಣ್ಣು ದೊಡ್ಡದು ಮಾಡಿ ನಿಂತಳು. ಬಂಗಾಳಿ ಮಕ್ಕಳ ಹುಲಿ ಗರ್ರ್ ಅನ್ನುವುದಿಲ್ಲ. ಅದು ಕೂಗುವುದೇ ಬೇರೆ. ಮಾಶಿ ಕೂಗಿದಳು.

"ಹಾಲುಮ್!"

ಮಾರಾಯ್ರೆ, ನನ್ನ ಎದೆ ನಡುಗಿತು. ನಿಜವಾದ ಹುಲಿ ಕೇಳಿದ ಊರಿನವಳು, ಕೂಗು ಕೇಳಬೇಕಾ?

"ಬೆಳಿಗ್ಗೆ ಹನ್ನೊಂದಕ್ಕೆಲ್ಲ ಅಡುಗೆಮನೆ ಬಾಗಿಲಿಗೆ ಬಂದು ಅವಳೇ ಶುರು ಮಾಡುತ್ತಿದ್ದಳು, ಹಾಲು, ಹಾಲು ಅಂತ. ನಾನು ಹಾಲುಮ್ ಅಂತ ಹಾರುತ್ತಿದ್ದೆ. ಅವಳು ಅಳುತ್ತಿದ್ದಳು. ಇನ್ನೂ ದೊಡ್ಡ ಹುಲಿ ಬೇಕೇನೋ ಅಂತ ಇನ್ನೂ ಜೋರಾಗಿ ಕೂಗುತ್ತಿದ್ದೆ. ನನ್ನ ಗಂಟಲೇ ಹೋಗಿತ್ತು ದಿದಿ."

ಹುಡುಗಿ ಎದ್ದು ಒಳಗೆ ಹೋಗಿ ಲೋಟದಲ್ಲಿ ಹಾಲು ತಂದಳು. ಫ್ರಿಜ್ಜಿನ ಬಾಗಿಲಿಗೆ ಅವಳೇ ಬರೆದು ಹಾಕಿದ ಪಟ್ಟಿ ಇತ್ತು, ಹಾಲು ಎಂಟಕ್ಕೆ ಒಂದು ಸಲ, ನಾಲ್ಕಕ್ಕೆ ಒಂದು ಸಲ ಅಂತ. ಹನ್ನೊಂದಕ್ಕೆ ಹಸಿವಾಗುತ್ತದೆ ಅಂತ ಪಟ್ಟಿಗೆ ಗೊತ್ತಿರಲಿಲ್ಲ. ಮಗುವಿನ ಮುಂದೆ ಕೂತು, "ಇದೇನು ಪುಟ್ಟಿ?" ಅಂದಳು. ಐದು ಎಣಿಸಲಿಲ್ಲ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತಳು.

ಪುಟ್ಟಿ ಮೊದಲು ಮಾಶಿಯ ಕೈಗಳನ್ನು ನೋಡಿತು. ಉಗುರು ಮುಂದೆ ಬರುತ್ತದಾ ಅಂತ. ಬರಲಿಲ್ಲ. ಆಮೇಲೆ ಹೇಳಿತು.

"ಹಾಲು."

ಅಭ್ಯಾಸ ಬಲ ನೋಡಿ, ಮಾಶಿಯ ಬಾಯಿಂದ ತನ್ನಷ್ಟಕ್ಕೇ "ಹಾಲುಮ್" ಅಂತ ಬಂದೇಬಿಟ್ಟಿತು. ನನಗೆ ನಗು ತಡೆಯಲಿಕ್ಕಾಗಲಿಲ್ಲ. ನಕ್ಕು ನಕ್ಕು ನೋಡಿದರೆ, ಪುಟ್ಟಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದೆ. ಬಾಯಿ ಬಿಟ್ಟರೆ ಹುಲಿ ಬರುತ್ತದೆ ಅಂತ ಮಗು ತಿಳಿದುಕೊಂಡಿತ್ತು. ಅದಕ್ಕೇ ಮನೆಯಲ್ಲಿ ಯಾರ ಹತ್ತಿರವೂ ಬಾಯಿ ಬಿಡುತ್ತಿರಲಿಲ್ಲ, ಅಮ್ಮನ ಹತ್ತಿರವೂ.

ನಾನು ಮಾಶಿಗೆ ಅರ್ಥ ಬಿಡಿಸಿ ಹೇಳಿದೆ. ಅವಳು ಅಲ್ಲೇ ನೆಲಕ್ಕೆ ಕೂತು ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಇನ್ನೂ ಒಂದು ಉಂಟು ದಿದಿ, ಅಂತ ಅಳುತ್ತಲೇ ಹೇಳಿದಳು. ಮಗು ಹೊರಬಾಗಿಲ ಹತ್ತಿರ ನಿಂತು "ಆಚೆ, ಆಚೆ" ಅನ್ನುತ್ತಿತ್ತಂತೆ. ಹೊರಗೆ ಕರೆದುಕೊಂಡು ಹೋಗು ಅಂತ. ಬಂಗಾಳಿಯಲ್ಲಿ ‘ಆಛೆ’ ಅಂದರೆ ಇದ್ದಾರೆ. ಅಮ್ಮ ಇದ್ದಾಳಾ ಅಂತ ಕೇಳುತ್ತಿದೆ ಅಂದುಕೊಂಡು, "ಇದ್ದಾಳೆ, ಇದ್ದಾಳೆ" ಅಂತ ಬಾಗಿಲು ಭದ್ರ ಮಾಡಿ ಒಳಗೆ ಎತ್ತಿಕೊಂಡು ಬರುತ್ತಿದ್ದಳಂತೆ.

ಬೇರೆ ಯಾರೇ ಆಗಿದ್ದರೂ ಅವಳನ್ನು ಅವತ್ತೇ ಕಳಿಸುತ್ತಿದ್ದರು. ನಾನೂ ಅದನ್ನೇ ಹೇಳಿದೆ. ಹುಡುಗಿ ಕಳಿಸಲಿಲ್ಲ. "ಮಾಶಿ ಉತ್ತರ ಆದ್ರೂ ಕೊಡ್ತಿದ್ಲು ಆಂಟಿ. ನಾನು ಆ ಹೊತ್ತಿಗೆ ರೂಮಿನ ಬಾಗಿಲು ಹಾಕ್ಕೊಂಡು ಮೀಟಿಂಗಲ್ಲಿ ಇರ್ತಿದ್ದೆ," ಅಂದಳು. ಮಾಶಿಗೆ ದಿನಕ್ಕೆರಡು ಕನ್ನಡ ಮಾತು ಕಲಿಸಲಿಕ್ಕೆ ಕೂತಳು. ಮಾಶಿ ಅದನ್ನು ಲೋಕಲ್ ಟ್ರೇನಿನಲ್ಲಿ ಕಣ್ಣು ಮುಚ್ಚಿ ಬಾಯಿಪಾಠ ಮಾಡುತ್ತಿದ್ದಳಂತೆ: ಹಾಲು, ನೀರು, ಅನ್ನ, ಆಚೆ, ಬೇಕು, ಬೇಡ. ಎಂಟು ದಿನದಲ್ಲಿ ಆ ಬೋಗಿಯ ಹೆಂಗಸರು ಅವಳಿಗೆ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟರು. ಯಾವುದೋ ದೊಡ್ಡ ದೇವರ ಉಪದೇಶ ಆಗಿದೆ ಅಂತ.

ಐದು: ತಮ್ಮ

ಪೂಜೆ ಬರುವಷ್ಟರಲ್ಲಿ ಪುಟ್ಟಿಯ ಬಾಯಲ್ಲಿ ಹನ್ನೊಂದು ಮಾತು ಬಂದಿತ್ತು. ನಾವು ಮೂರು ಹೆಂಗಸರೂ ಎಣಿಸಿಟ್ಟಿದ್ದೆವು. ಎಲ್ಲ ಒಂಟಿ ಒಂಟಿ ಮಾತು, ಆದರೆ ಮಾತು. ಈಗ ಹೇಗೆ ಕರೆದುಕೊಂಡು ಹೋಗುತ್ತಾರೆ ನೋಡುವ ಅಂತ ಹುಡುಗಿ ಧೈರ್ಯವಾಗಿದ್ದಳು.

ದಶಮಿ ಕಳೆದು ನಾಲ್ಕನೇ ದಿನ ಅತ್ತೆ ಬಂದರು. ಸೋಫಾದಲ್ಲಿ ಕೂತು, ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು, "ಎಲ್ಲಿ ಪುಟ್ಟಿ, ನಾನ್ಯಾರು ಹೇಳು?" ಅಂದರು.

‘ಅಜ್ಜಿ’ ನಮ್ಮ ಹನ್ನೊಂದರಲ್ಲಿ ಇರಲಿಲ್ಲ. ಹಾಲು, ನೀರು ಅಂತ ಕಲಿಸುವಾಗ ಅದು ನಮಗೆ ಹೊಳೆಯಲೇ ಇಲ್ಲ. ಆದರೆ ಪುಟ್ಟಿ ಹೆದರಲಿಲ್ಲ. ಮಾಶಿಯ ಕಡೆ ಒಮ್ಮೆ ನೋಡಿ, ಮುಖ ಎತ್ತಿ, ಸ್ಪಷ್ಟವಾಗಿ ಹೇಳಿತು.

"ತಮ್ಮಾ."

ಅತ್ತೆ ತಮ್ಮ ಸೀರೆ ನೋಡಿಕೊಂಡರು. "ನಾನು ನಿನ್ನ ತಮ್ಮನಾ?"

"ತಮ್ಮಾ," ಅಂತು ಪುಟ್ಟಿ, ಇನ್ನೂ ಪ್ರೀತಿಯಿಂದ.

ಮಾಶಿ ಕೈಮುಗಿದು ನಗುತ್ತಾ ನಿಂತಿದ್ದಳು. ಇದು ಅವಳ ಕೆಲಸ. ಬಂಗಾಳಿಯಲ್ಲಿ ಅಪ್ಪನ ಅಮ್ಮನಿಗೆ ‘ಠಾಮ್ಮಾ’ ಅನ್ನುತ್ತಾರೆ. ಅತ್ತೆ ಬಂದಾಗ ಸಂತೋಷವಾಗಲಿ ಅಂತ, ಯಾರಿಗೂ ಹೇಳದೆ, ತನ್ನ ಕಡೆಯಿಂದ ಒಂದು ಮಾತು ಕಲಿಸಿದ್ದಳು. ಮಗುವಿನ ನಾಲಗೆಗೆ ಆ ಠಾ ಎಲ್ಲಿಂದ ಬರಬೇಕು.

ಅತ್ತೆಯ ಕಣ್ಣು ನಿಧಾನಕ್ಕೆ ಸೊಸೆಯ ಹೊಟ್ಟೆಯ ಮೇಲೆ ಹೋಯಿತು. ಮಗುವಿನ ಬಾಯಲ್ಲಿ ತಮ್ಮ ಅಂತ ಬಂದರೆ ನಮ್ಮವರು ಲೆಕ್ಕ ಹಾಕುವುದು ಬೇರೆ ಏನನ್ನು? ಹೊಟ್ಟೆ ನೋಡಿ, ಆಮೇಲೆ ನನ್ನ ಮುಖ ನೋಡಿದರು. ನಾನು ಕೊಟ್ಟ ಕಾಫಿ ಅವರಿಗೆ ನೆನಪಾಗಿತ್ತು.

ನಾನು ಎದ್ದು ನಿಂತೆ. "ಹಾಗಲ್ಲ, ಇವರ ಭಾಷೆಯಲ್ಲಿ ಅದು ಅಜ್ಜಿ ಅಂತ. ಮಗು ಸರಿಯಾಗೇ ಹೇಳಿದ್ದು," ಅಂದೆ.

"ನೀವೇ ಅಲ್ವೇನ್ರೀ ಅವತ್ತು ಗುಂಡಿ ವಿಷಯ ಹೇಳಿದ್ದು?"

"ಯಾವ ಗುಂಡಿ?" ಅಂದಳು ಹುಡುಗಿ.

ಹೇಳಿದೆ. ಎಲ್ಲ ಹೇಳಿದೆ. ಕಸದ ಬುಟ್ಟಿ, ನಾಲ್ಕು ದಿನ, ಕಾಫಿ. ಆ ಗಂಡಸು ಈ ಮಗುವೇ ಅಂತಲೂ ಹೇಳಿದೆ. ಇಷ್ಟು ನಿಜವನ್ನು ಒಟ್ಟಿಗೆ ನಾನು ಯಾವತ್ತೂ ಆಡಿರಲಿಲ್ಲ.

ಅತ್ತೆ ಕೇಳಿಸಿಕೊಂಡರು. "ಅವತ್ತು ಗಂಡಸು ಅಂದ್ರಿ, ಇವತ್ತು ಮಗು ಅಂತೀರಿ. ಇದು ತಮ್ಮ ಅನ್ನತ್ತೆ, ನೀವು ಅಜ್ಜಿ ಅಂತೀರಿ. ಯಾವುದನ್ನ ನಂಬ್ಲಿ? ನಮ್ಮ ಮಗುಗೆ ಅಜ್ಜಿಗೂ ತಮ್ಮನಿಗೂ ವ್ಯತ್ಯಾಸ ಗೊತ್ತಿಲ್ಲ. ಇದು ಈ ಊರಲ್ಲಿ ಉದ್ಧಾರ ಆಗಲ್ಲ."

ಹುಡುಗಿ ನನ್ನ ಮೇಲೆ ರೇಗಲಿಲ್ಲ. "ಆಂಟಿ, ನೀವು ಕದ ತಟ್ಟಿದ್ರೆ ನಾನೇ ತೆಗೀತಿದ್ನಲ್ಲ," ಅಂದಳು ಅಷ್ಟೆ. ಗಂಡನ ಹತ್ತಿರ ಕಾದಾಡಿದಳು, ಬೇಡ ಅಂದಳು, ಕಾಲು ಹಿಡಿದಳು. "ಮೂರು ತಿಂಗಳು ಅಷ್ಟೆ, ಅಮ್ಮಂಗೆ ಬೇಜಾರಾಗತ್ತೆ," ಅಂದ ಅವನು.

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಟ್ಯಾಕ್ಸಿ ನಿಂತಿತು. ವಾಚ್‌ಮನ್ ಚೀಲ ಇಟ್ಟ. ಮಾಶಿ ಬರಲಿಲ್ಲ, ಲಿಫ್ಟಿನ ಹತ್ತಿರವೇ ಕೂತುಬಿಟ್ಟಿದ್ದಳು. ಅತ್ತೆ ಒಳಗೆ ಕೂತು ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಪುಟ್ಟಿ ಪಕ್ಕದ ಸೀಟು ತಟ್ಟಿ ಅಮ್ಮನಿಗೆ ಜಾಗ ತೋರಿಸಿತು. ಅಮ್ಮ ಹತ್ತಲಿಲ್ಲ. ಬಾಗಿಲು ಹಾಕಿಯಾಯಿತು. ಆ ಮಗುವಿಗೆ ಆಡಲಿಕ್ಕೆ ಬಾರದಿದ್ದರೂ ನಾವಾಡಿದ್ದೆಲ್ಲ ತಿಳಿಯುತ್ತಿತ್ತು. ತಿಂಗಳುಗಟ್ಟಲೆ ಅದರ ತಲೆಯ ಮೇಲೇ ನಿಂತು ಮಾತಾಡಿದರೆ ಕಳಿಸುವುದಿಲ್ಲ, ಮಾತಾಡದಿದ್ದರೆ ಕಳಿಸುತ್ತಾರೆ ಅಂತ ಹೇಳಿಕೊಂಡಿದ್ದೆವಲ್ಲ.

ಗಾಜಿಗೆ ಎರಡೂ ಕೈ ಇಟ್ಟು ಕಿರುಚಿತು. "ಮಾತಾಡ್ತೀನಿ, ಅಮ್ಮ. ನಾ ಮಾತಾಡ್ತೀನಿ. ಮಾತಾಡ್ತೀನಿ, ಅಮ್ಮ."

ಮಾತಿಗೆ ಮಾತು ಕೂಡಿಸಿ ಅದು ಆಡಿದ್ದು ಅದೇ ಮೊದಲು. ವಾಚ್‌ಮನ್ ಕೂಡ ತಿರುಗಿ ನೋಡಿದ.

ಅತ್ತೆ ಗಾಜು ಇಳಿಸಿ ತಲೆ ಹೊರಗೆ ಹಾಕಿದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರು, ಸಂತೋಷದ್ದು.

"ನೋಡಿದ್ಯೇನೇ? ಇನ್ನೂ ಗೇಟೇ ದಾಟಿಲ್ಲ, ಆಗ್ಲೇ ಮಾತು ಬಂತು."